‘ಸುಡಾನಿ’, ‘ಚೈನಾಮನ್’, ‘ಕಾಲು’: ಆಟದ ಮೈದಾನದ ಕೆಲವು ಪದಗಳ ಕಥೆ



ಮಳೆಗಾಲ ಮುಗಿದು ಗದ್ದೆ ಒಣಗಿತೆಂದರೆ ನಮ್ಮ ಕಾಸರಗೋಡಿನ ತೆಂಕಣ ಭಾಗದಲ್ಲಿ ಸೆವೆನ್ಸ್ ಫುಟ್ಬಾಲ್‌ನ ಗಲಾಟೆ ಶುರು. ತೃಕ್ಕರಿಪುರದಿಂದ ಹಿಡಿದು ಮಲಪ್ಪುರಂವರೆಗೆ ರಾತ್ರಿ ಲೈಟ್ ಹಾಕಿ, ಬಿದಿರು-ಅಡಿಕೆ ಮರದ ಗ್ಯಾಲರಿ ಕಟ್ಟಿ ಆಡಿಸುವ ಈ ಆಟಕ್ಕೆ ನೈಜೀರಿಯಾ, ಘಾನಾ, ಐವರಿ ಕೋಸ್ಟ್‌ನಿಂದಲೂ ಆಟಗಾರರು ಬರುತ್ತಾರೆ. ಅವರ ದೇಶ ಯಾವುದೇ ಇರಲಿ, ಜನರ ಬಾಯಲ್ಲಿ ಎಲ್ಲರಿಗೂ ಒಂದೇ ಹೆಸರು: ‘ಸುಡಾನಿ’. 2018ರಲ್ಲಿ ಬಂದ ‘ಸುಡಾನಿ ಫ್ರಮ್ ನೈಜೀರಿಯಾ’ ಎಂಬ ಮಲಯಾಳಂ ಸಿನಿಮಾದ ಹೆಸರೇ ಈ ಗೊಂದಲದ ಮೇಲೆ ಕಟ್ಟಿದ ತಮಾಷೆ. ಸುಡಾನ್‌ಗೂ ನೈಜೀರಿಯಾಕ್ಕೂ ನಡುವೆ ಚಾಡ್ ಎಂಬ ಒಂದು ಇಡೀ ದೇಶವೇ ಇದೆ.

ಹೀಗೆ ಕರೆಯುವವರಲ್ಲಿ ಹೆಚ್ಚಿನವರಿಗೆ ಕೆಟ್ಟ ಉದ್ದೇಶ ಇಲ್ಲ, ಗೋಲು ಹೊಡೆದಾಗ ಅವರೇ ಎದ್ದು ಕುಣಿಯುತ್ತಾರೆ. ಆದರೆ ತಪ್ಪು ಹೆಸರಿನಿಂದ ಕರೆಸಿಕೊಳ್ಳುವುದು ಹೇಗಿರುತ್ತದೆ ಎಂದು ಗಡಿನಾಡ ಕನ್ನಡಿಗರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಂಗಳೂರಿನ ಕಾಲೇಜಿಗೆ ಹೋದರೆ ನಾವು ‘ಮಲಯಾಳಿಗಳು’, ತಿರುವನಂತಪುರಕ್ಕೆ ಹೋದರೆ ‘ಕರ್ನಾಟಕದವರು’.

2024ರ ಮಾರ್ಚ್‌ನಲ್ಲಿ ಮಲಪ್ಪುರಂ ಜಿಲ್ಲೆಯ ಅರೀಕ್ಕೋಡ್ ಬಳಿ ನಡೆದದ್ದು ಮಾತ್ರ ತಮಾಷೆಯಲ್ಲ. ಸೆವೆನ್ಸ್ ಪಂದ್ಯದಲ್ಲಿ ಆಡಲು ಬಂದಿದ್ದ ಐವರಿ ಕೋಸ್ಟ್‌ನ ಯುವಕನನ್ನು ಪ್ರೇಕ್ಷಕರ ಗುಂಪು ಮೈದಾನದಲ್ಲೇ ಅಟ್ಟಿಸಿಕೊಂಡು ಹೋಗಿ ಹೊಡೆಯಿತು. ಆ ವಿಡಿಯೊ ನಮ್ಮಲ್ಲಿ ಹಲವರ ಫೋನಿಗೂ ಬಂದಿತ್ತು. ತನ್ನ ಬಣ್ಣವನ್ನು ಹಿಡಿದು ನಿಂದಿಸಿದರು, ಮಂಗ ಎಂದು ಕೂಗಿದರು ಎಂದು ಅವನು ಪೊಲೀಸರಿಗೆ ದೂರು ಕೊಟ್ಟ.

‘ಮಂಗ’ ಎಂಬ ಪದದ ಹತ್ತಿರ ಸ್ವಲ್ಪ ನಿಲ್ಲೋಣ. ಕನ್ನಡದ ಮನೆಗಳಲ್ಲಿ ಅದು ಬೈಗುಳವೇ ಅಲ್ಲ. ಅಮ್ಮ ಮಗುವನ್ನು ಮುದ್ದಿನಿಂದ ‘ಮಂಗ’ ಎನ್ನುತ್ತಾಳೆ, ಗೆಳೆಯರು ದಿನಕ್ಕೆ ಹತ್ತು ಸಲ ಅಂದುಕೊಳ್ಳುತ್ತಾರೆ. ಹಾಗಾಗಿ ‘ಇಷ್ಟಕ್ಕೆಲ್ಲ ಯಾಕೆ ಗಲಾಟೆ’ ಎಂದು ನಮ್ಮವರು ಕೇಳುವುದು ಸಹಜ. ಉತ್ತರ ನಮ್ಮ ಭಾಷೆಯಲ್ಲಿ ಸಿಗುವುದಿಲ್ಲ, ಆ ಪದವನ್ನು ಯಾರ ಮೇಲೆ ಎಸೆದಿದ್ದಾರೋ ಅವರ ಇತಿಹಾಸದಲ್ಲಿದೆ. 1906ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಮಂಗಗಳ ಮನೆಯಲ್ಲಿ ಒಬ್ಬ ಮನುಷ್ಯನನ್ನು ಪ್ರದರ್ಶನಕ್ಕೆ ಇಟ್ಟಿದ್ದರು. ಹೆಸರು ಓಟಾ ಬೆಂಗಾ. ಆಫ್ರಿಕಾದ ಕಾಂಗೋದಿಂದ ಕರೆತಂದ ಯುವಕ. ಪಕ್ಕದಲ್ಲಿ ಒಂದು ಒರಾಂಗುಟಾನ್. ನೋಡಲು ಸಾವಿರಾರು ಜನ ಬಂದರು. ಮೊದಲು ದನಿ ಎತ್ತಿದವರು ಆ ಊರಿನ ಕಪ್ಪು ಜನರ ಬ್ಯಾಪ್ಟಿಸ್ಟ್ ಪಾದ್ರಿಗಳು. ಅವರಲ್ಲಿ ಬ್ರೂಕ್ಲಿನ್‌ನಲ್ಲಿ ಅನಾಥಾಲಯ ನಡೆಸುತ್ತಿದ್ದ ರೆವರೆಂಡ್ ಜೇಮ್ಸ್ ಗಾರ್ಡನ್ ಮುಂದಾಳು. ತಿಂಗಳು ಮುಗಿಯುವುದರೊಳಗೆ ಓಟಾ ಬೆಂಗಾನನ್ನು ಅಲ್ಲಿಂದ ಬಿಡಿಸಿ ತಮ್ಮ ಅನಾಥಾಲಯಕ್ಕೆ ಕರೆದುಕೊಂಡು ಹೋದರು. ಊರಿಗೆ ಮರಳುವ ಆಸೆ ಈಡೇರದೆ ಆತ 1916ರಲ್ಲಿ ತನ್ನ ಜೀವವನ್ನು ತಾನೇ ತೆಗೆದುಕೊಂಡ. ಕಪ್ಪು ಆಟಗಾರನಿಗೆ ಗ್ಯಾಲರಿಯಿಂದ ‘ಮಂಗ’ ಎಂದು ಕೂಗಿದಾಗ ಅವನಿಗೆ ಕೇಳಿಸುವುದು ಈ ಪಂಜರದ ಸದ್ದು.

ಕ್ರಿಕೆಟ್‌ನಲ್ಲಿ ಬೈಗುಳದಂತೆ ಕಾಣದ ಒಂದು ಪದ ಬಹಳ ಕಾಲ ಬದುಕಿತು. ಎಡಗೈಯ ಮಣಿಕಟ್ಟಿನ ಸ್ಪಿನ್ನರ್‌ಗೆ ‘ಚೈನಾಮನ್’ ಎನ್ನುತ್ತಿದ್ದರು. ಇದರ ಹಿಂದೆ ಹೇಳುವ ಕಥೆ 1933ರದ್ದು. ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್‌ನಲ್ಲಿ ಇಂಗ್ಲೆಂಡಿನ ವಾಲ್ಟರ್ ರಾಬಿನ್ಸ್, ವೆಸ್ಟ್ ಇಂಡೀಸ್‌ನ ಎಲಿಸ್ ಅಚಾಂಗ್ ಎಸೆದ ಚೆಂಡಿಗೆ ಸ್ಟಂಪ್ ಆದ. ಅಚಾಂಗ್ ಟ್ರಿನಿಡಾಡ್‌ನ ಚೀನೀ ಮೂಲದವನು. ಒಬ್ಬ ಚೀನೀಯನಿಂದ ಔಟಾಗುವುದೇ ಎಂದು ರಾಬಿನ್ಸ್ ಗೊಣಗಿದನಂತೆ. ಪಕ್ಕದಲ್ಲಿದ್ದ ಲಿಯರಿ ಕಾನ್‌ಸ್ಟಂಟೈನ್ ‘ನೀವು ಹೇಳುತ್ತಿರುವುದು ಬೌಲರ್ ಬಗ್ಗೆಯೋ ಚೆಂಡಿನ ಬಗ್ಗೆಯೋ’ ಎಂಬರ್ಥದಲ್ಲಿ ಕೇಳಿದನಂತೆ. ಪದ ಅದಕ್ಕೂ ಮೊದಲೇ ಬಳಕೆಯಲ್ಲಿತ್ತು ಎನ್ನುವವರೂ ಇದ್ದಾರೆ. ಏನೇ ಇರಲಿ, ಪದ ಉಳಿಯಿತು. 2017ರಲ್ಲಿ ಕುಲದೀಪ್ ಯಾದವ್ ಧರ್ಮಶಾಲಾದಲ್ಲಿ ಮೊದಲ ಟೆಸ್ಟ್ ಆಡಿದಾಗಲೂ ಪತ್ರಿಕೆಗಳು ಅವನನ್ನು ಹಾಗೆಯೇ ಕರೆದವು. ಚೀನೀ ಮೂಲದ ಆಸ್ಟ್ರೇಲಿಯಾದ ಪತ್ರಕರ್ತ ಆಂಡ್ರ್ಯೂ ವು ಇದು ಬೇಡ ಎಂದು ಬರೆದ ಮೇಲೆ ಚರ್ಚೆ ಬೆಳೆಯಿತು. 2018ರ ವಿಸ್ಡನ್ ಆ ಪದವನ್ನು ಕೈಬಿಟ್ಟಿತು. ಆಟಕ್ಕೆ ಇದರಿಂದ ಏನೂ ನಷ್ಟವಾಗಲಿಲ್ಲ, ಕುಲದೀಪನ ಗೂಗ್ಲಿ ಈಗಲೂ ಹಾಗೆಯೇ ತಿರುಗುತ್ತದೆ.

ಆ ಕಾನ್‌ಸ್ಟಂಟೈನ್‌ನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. 1943ರಲ್ಲಿ ಲಾರ್ಡ್ಸ್‌ನಲ್ಲಿ ಪಂದ್ಯ ಆಡಲು ಲಂಡನ್ನಿಗೆ ಬಂದಾಗ ಇಂಪೀರಿಯಲ್ ಹೋಟೆಲಿನವರು, ಅಮೆರಿಕನ್ ಸೈನಿಕರಿಗೆ ಇಷ್ಟವಾಗುವುದಿಲ್ಲ ಎಂದು ಹೇಳಿ, ಅವನ ಕುಟುಂಬ ಅಲ್ಲಿ ಉಳಿಯಬಾರದೆಂದರು. ಕಪ್ಪು ಜನರಿಗೆ ಬಳಸುವ ಅತ್ಯಂತ ಹೀನ ಪದ ಆ ದಿನ ಅಲ್ಲಿ ಬಳಕೆಯಾಯಿತು. ಅವನು ಕೋರ್ಟಿಗೆ ಹೋಗಿ 1944ರಲ್ಲಿ ಗೆದ್ದ. ಸಿಕ್ಕ ಪರಿಹಾರ ಐದು ಗಿನಿ. ಹಣ ಲೆಕ್ಕಕ್ಕಿಲ್ಲ, ಆದರೆ ಬ್ರಿಟನ್ನಿನಲ್ಲಿ ಜನಾಂಗ ಭೇದದ ವಿರುದ್ಧ 1965ರಲ್ಲಿ ಕಾನೂನು ಬರುವ ಮೊದಲು ಒಬ್ಬ ಕ್ರಿಕೆಟಿಗ ನ್ಯಾಯಾಲಯದಲ್ಲಿ ಇಟ್ಟ ಹೆಜ್ಜೆ ಅದು.

ಇನ್ನು ಆಸ್ಟ್ರೇಲಿಯಾ. ಅಲ್ಲಿನ ಮೂಲನಿವಾಸಿಗಳನ್ನು ದೇಶದ ಜನಗಣತಿಯಲ್ಲಿ ಪೂರ್ತಿಯಾಗಿ ಸೇರಿಸಲು 1967ರ ಜನಮತಗಣನೆ ಬೇಕಾಯಿತು. ಅವರ ಅಂಡಾಕಾರದ ಚೆಂಡಿನ ಫುಟ್ಬಾಲ್‌ನಲ್ಲಿ ಮೂಲನಿವಾಸಿ ಆಟಗಾರರನ್ನು ಬಣ್ಣ ಹಿಡಿದು ಬೈಯುವುದು ಆಟದ ಭಾಗವೆಂದೇ ನಡೆದುಬಂದಿತ್ತು. ಎದುರಾಳಿಯ ಏಕಾಗ್ರತೆ ಕೆಡಿಸುವ ತಂತ್ರ, ಮೈದಾನದ ಮಾತು ಮೈದಾನದಲ್ಲೇ ಬಿಡಬೇಕು ಎಂಬ ಸಮಜಾಯಿಷಿ. (ಈ ಸಮಜಾಯಿಷಿ ನಮ್ಮ ಊರಿನ ವಾಲಿಬಾಲ್ ಅಂಗಳದಲ್ಲೂ ಕೇಳಿಸುತ್ತದೆ.)

1993ರ ಏಪ್ರಿಲ್ 17ರಂದು ಮೆಲ್ಬರ್ನ್‌ನ ವಿಕ್ಟೋರಿಯಾ ಪಾರ್ಕ್‌ನಲ್ಲಿ ಕಾಲಿಂಗ್‌ವುಡ್ ತಂಡದ ಬೆಂಬಲಿಗರು ಸೇಂಟ್ ಕಿಲ್ಡಾದ ನಿಕಿ ವಿನ್ಮಾರ್ ಮತ್ತು ಗಿಲ್ಬರ್ಟ್ ಮ್ಯಾಕ್‌ಆಡಂರನ್ನು ಇಡೀ ದಿನ ಹಾಗೆಯೇ ಬೈದರು. ಇಬ್ಬರೂ ಅದ್ಭುತವಾಗಿ ಆಡಿ ತಂಡವನ್ನು ಗೆಲ್ಲಿಸಿದರು. ಆಟ ಮುಗಿದ ಮೇಲೆ ವಿನ್ಮಾರ್ ಆ ಗುಂಪಿನ ಕಡೆ ತಿರುಗಿ, ಜೆರ್ಸಿಯನ್ನು ಮೇಲೆತ್ತಿ, ತನ್ನ ಚರ್ಮದ ಮೇಲೆ ಬೆರಳಿಟ್ಟು ತೋರಿಸಿದ. ಒಂದು ಕ್ಷಣದ ಕೆಲಸ, ಆದರೆ ಫೋಟೊಗ್ರಾಫರ್‌ಗಳ ಕ್ಯಾಮೆರಾದಲ್ಲಿ ಸಿಕ್ಕಿತು. ಅದರ ಬೆನ್ನಿಗೇ ಕಾಲಿಂಗ್‌ವುಡ್‌ನ ಅಧ್ಯಕ್ಷ, ಮೂಲನಿವಾಸಿಗಳು ಬಿಳಿಯರಂತೆ ನಡೆದುಕೊಂಡರೆ ಗೌರವ ಸಿಗುತ್ತದೆ ಎಂಬರ್ಥದ ಮಾತಾಡಿ ಇನ್ನಷ್ಟು ಬೆಂಕಿ ಹಚ್ಚಿದ. ಎರಡು ವರ್ಷದ ಬಳಿಕ, 1995ರ ಏಪ್ರಿಲ್ 25ರ ಪಂದ್ಯದಲ್ಲಿ ಎಸೆಂಡನ್‌ನ ಮೈಕಲ್ ಲಾಂಗ್ ತನ್ನನ್ನು ನಿಂದಿಸಿದ ಆಟಗಾರನ ಮೇಲೆ ದೂರು ಕೊಟ್ಟು, ಲೀಗ್‌ನವರು ರಾಜಿ ಮಾಡಿಸಿ ಕೈತೊಳೆದುಕೊಳ್ಳಲು ಹೊರಟಾಗಲೂ ಬಿಡಲಿಲ್ಲ. ಅದೇ ವರ್ಷ ಜನಾಂಗ ನಿಂದನೆಯ ವಿರುದ್ಧ ಲೀಗ್ ನಿಯಮ ತಂದಿತು. ಅಂದರೆ ನಿಯಮ ಮೇಲಿನವರ ಒಳ್ಳೆಯತನದಿಂದ ಬರಲಿಲ್ಲ, ಬೈಸಿಕೊಂಡವನು ಪಟ್ಟು ಬಿಡದ್ದರಿಂದ ಬಂತು.

ನಿಯಮ ಬಂದ ಮಾತ್ರಕ್ಕೆ ಮನಸ್ಸು ಬದಲಾಯಿತೇ? 2013ರ ಮೇ 24ರಂದು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ, ಅದೂ ಮೂಲನಿವಾಸಿಗಳ ಗೌರವಕ್ಕೆಂದೇ ಮೀಸಲಿಟ್ಟ ವಾರದ ಪಂದ್ಯದಲ್ಲಿ, ಸಿಡ್ನಿ ಸ್ವಾನ್ಸ್‌ನ ಆಡಂ ಗುಡ್ಸ್‌ಗೆ ಬೇಲಿಯಾಚೆಯಿಂದ ‘ವಾನರ’ ಎಂಬ ಕೂಗು ಕೇಳಿತು. ತಿರುಗಿ ನೋಡಿದರೆ ಕೂಗಿದ್ದು 13 ವರ್ಷದ ಹುಡುಗಿ. ಮರುದಿನ ಗುಡ್ಸ್ ಪತ್ರಕರ್ತರ ಮುಂದೆ, ಆ ಮಗುವನ್ನು ದೂರಬೇಡಿ, ಅವಳಿಗೆ ಬೆಂಬಲ ಬೇಕು, ಅವಳು ಇದನ್ನು ಕಲಿತ ವಾತಾವರಣವನ್ನು ನೋಡಿ ಎಂಬರ್ಥದಲ್ಲಿ ಹೇಳಿದ. ಹುಡುಗಿ ಫೋನ್ ಮಾಡಿ ಕ್ಷಮೆ ಕೇಳಿದಳು. ಎರಡು ಸಲ ಲೀಗ್‌ನ ಅತ್ಯುನ್ನತ ಬ್ರೌನ್‌ಲೋ ಪದಕ ಗೆದ್ದವನು, 2014ರಲ್ಲಿ ‘ವರ್ಷದ ಆಸ್ಟ್ರೇಲಿಯನ್’ ಎನಿಸಿದವನು. ಆದರೂ 2015ರಲ್ಲಿ ಊರೂರಿನ ಮೈದಾನಗಳಲ್ಲಿ ಚೆಂಡು ಅವನ ಕೈಗೆ ಬಂದಾಗಲೆಲ್ಲ ಜನ ‘ಬೂ’ ಎಂದು ಕೂಗಿದರು. ಆ ಕೂಗಿನಲ್ಲಿ ಜನಾಂಗದ ಹೆಸರಿನ ಪದ ಒಂದೂ ಇರಲಿಲ್ಲ, ಹಾಗಾಗಿ ಯಾವ ನಿಯಮವೂ ಅದನ್ನು ಹಿಡಿಯಲಿಲ್ಲ. ಆ ವರ್ಷದ ಕೊನೆಗೆ ಅವನು ಆಟ ಬಿಟ್ಟ. 2019ರಲ್ಲಿ ಲೀಗ್ ಮತ್ತು 18 ಕ್ಲಬ್‌ಗಳು ಸೇರಿ ಅವನ ಕ್ಷಮೆ ಕೇಳಿದವು. ಅದೇ ವರ್ಷ ಪರ್ತ್‌ನ ಸ್ಟೇಡಿಯಂ ಹೊರಗೆ ಜೆರ್ಸಿ ಎತ್ತಿ ನಿಂತ ವಿನ್ಮಾರ್‌ನ ಕಂಚಿನ ಪ್ರತಿಮೆ ಎದ್ದಿತು. ನಮ್ಮ ದೃಷ್ಟಿಯಲ್ಲಿ ಈ ಇಡೀ ಚರಿತ್ರೆಯಲ್ಲಿ ತೂಕದ ಘಳಿಗೆ ಪ್ರತಿಮೆಯದ್ದಲ್ಲ, ಆ 13ರ ಹುಡುಗಿಗೆ ಗುಡ್ಸ್ ತೋರಿಸಿದ ಕರುಣೆಯದ್ದು.

ನಮ್ಮ ದೇಶದ ಸರದಿಯೂ ಬಂತು. 2007ರ ಅಕ್ಟೋಬರ್‌ನಲ್ಲಿ ವಡೋದರಾ ಮತ್ತು ಮುಂಬೈ ಪಂದ್ಯಗಳಲ್ಲಿ ಗ್ಯಾಲರಿಯವರು ಆಂಡ್ರ್ಯೂ ಸೈಮಂಡ್ಸ್‌ಗೆ ಮಂಗನ ಸದ್ದು ಮಾಡಿದರು. ಮರು ಜನವರಿಯಲ್ಲಿ ಸಿಡ್ನಿ ಟೆಸ್ಟ್. ನಮ್ಮ ಅನಿಲ್ ಕುಂಬ್ಳೆ ನಾಯಕ. ಹರ್ಭಜನ್ ಸಿಂಗ್ ಸೈಮಂಡ್ಸ್‌ನನ್ನು ಮಂಗ ಎಂದರು ಎಂಬ ಆರೋಪಕ್ಕೆ ಮೂರು ಟೆಸ್ಟ್ ನಿಷೇಧ ಬಿತ್ತು. ಮೇಲ್ಮನವಿಯಲ್ಲಿ ನ್ಯೂಜಿಲೆಂಡ್‌ನ ನ್ಯಾಯಾಧೀಶ ಜಾನ್ ಹ್ಯಾನ್ಸನ್, ಜನಾಂಗ ನಿಂದನೆ ಸಾಬೀತಾಗಿಲ್ಲ ಎಂದು ಅದನ್ನು ತೆಗೆದು, ಬೈದದ್ದಕ್ಕೆ ಪಂದ್ಯ ಶುಲ್ಕದ ಅರ್ಧ ದಂಡ ಹಾಕಿದರು. ಆಡಿದ್ದು ಇಂಗ್ಲಿಷಿನ ಆ ಪದವೋ ಅದರಂತೆಯೇ ಕೇಳಿಸುವ ಹಿಂದಿಯ ಬೈಗುಳವೋ ಎಂಬುದೇ ವಿಚಾರಣೆಯ ತಿರುಳಾಗಿತ್ತು. ಆಗ ನಮ್ಮ ಮನೆಗಳಲ್ಲಿ ಟಿವಿ ಮುಂದೆ ಕೂತವರೆಲ್ಲ ದೇಶದ ಪರ ವಕೀಲರಾಗಿದ್ದರು. ಗ್ಯಾಲರಿಗಳಲ್ಲಿ ನಡೆದದ್ದರ ಬಗ್ಗೆ ಅಷ್ಟು ಮಾತು ಹೊರಡಲಿಲ್ಲ.

2020ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್‌ನ ಸಾವಾದ ಬಳಿಕ ವೆಸ್ಟ್ ಇಂಡೀಸ್‌ನ ಡ್ಯಾರೆನ್ ಸ್ಯಾಮಿ ಒಂದು ಪ್ರಶ್ನೆ ಎತ್ತಿದ. 2013-14ರಲ್ಲಿ ಹೈದರಾಬಾದ್ ಸನ್‌ರೈಸರ್ಸ್‌ನಲ್ಲಿ ತನ್ನನ್ನೂ ಶ್ರೀಲಂಕಾದ ತಿಸಾರ ಪೆರೇರನನ್ನೂ ‘ಕಾಲು’ ಎನ್ನುತ್ತಿದ್ದರು, ಬಲಿಷ್ಠ ಕುದುರೆ ಎಂದು ಅರ್ಥ ಮಾಡಿಕೊಂಡಿದ್ದೆ, ಈಗ ನಿಜವಾದ ಅರ್ಥ ತಿಳಿಯಿತು ಎಂದ. ಕನ್ನಡದ ಕಾಲಲ್ಲ, ಹಿಂದಿಯ ‘ಕಾಲು’, ನಮ್ಮಲ್ಲಿ ‘ಕರಿಯ’ ಎಂದಂತೆ. ಆಮೇಲೆ ತಂಡದ ಗೆಳೆಯನೊಬ್ಬ ಮಾತಾಡಿ, ಪ್ರೀತಿಯಿಂದ ಕರೆದದ್ದು ಎಂದಾಗ ಸ್ಯಾಮಿ ಅದನ್ನು ನಂಬಿ ಅಲ್ಲಿಗೇ ಬಿಟ್ಟ. ಪ್ರೀತಿ ಇತ್ತು ಎಂದೇ ನಾವೂ ಒಪ್ಪೋಣ. ಆದರೆ ಏಳು ವರ್ಷ ಅವನಿಗೆ ಅರ್ಥ ಹೇಳದೆ ಎಲ್ಲರೂ ನಕ್ಕ ಆ ನಗುವನ್ನು ಏನೆಂದು ಕರೆಯೋಣ?

ಹೊಗಳಿಕೆಯಲ್ಲೂ ಇದೇ ಬಣ್ಣ ಅಡಗಿರಬಹುದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಜನರಲ್ಲಿ ಹಲವರು ನಮ್ಮಂತೆಯೇ ಕಥೋಲಿಕರು, ಶತಮಾನಗಳ ಹಿಂದೆ ಆಫ್ರಿಕಾದಿಂದ ತರಲ್ಪಟ್ಟವರ ವಂಶಸ್ಥರು. 1980ರ ದಶಕದಲ್ಲಿ, ಮಂಗಳೂರು ಮೂಲದ ಮಾರ್ಗರೆಟ್ ಆಳ್ವಾ ಕ್ರೀಡಾ ಸಚಿವೆಯಾಗಿದ್ದಾಗ, ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಡುವ ಯೋಜನೆ ಬಂತು. ಆಫ್ರಿಕನ್ ರಕ್ತ ಒಲಿಂಪಿಕ್ಸ್ ಪದಕ ತರುತ್ತದೆ ಎಂಬ ನಂಬಿಕೆ ಅದರ ಬೆನ್ನಿಗಿತ್ತು. ಕೆಲವರು ರಾಷ್ಟ್ರಮಟ್ಟದಲ್ಲಿ ಗೆದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳಲ್ಲಿ ಅನೇಕರು ಕಾಡಂಚಿನ ಊರಿಗೆ ಮರಳಿದರು. ಜೀವಶಾಸ್ತ್ರ ಓದಿದವರಾಗಿ ಹೇಳುವುದಾದರೆ, ಓಟಕ್ಕೆ ಬೇಕಾದ್ದು ಆಹಾರ, ಕೋಚ್, ಟ್ರ್ಯಾಕ್ ಮತ್ತು ಹತ್ತು ವರ್ಷದ ತಾಳ್ಮೆ. ಚರ್ಮದ ಬಣ್ಣ ನೋಡಿ ಸ್ನಾಯುವಿನ ಶಕ್ತಿ ಓದಲು ಬರುವುದಿಲ್ಲ. ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ.

ನಮ್ಮ ಧರ್ಮಕೇಂದ್ರದ ಪಂದ್ಯಾಟ ಈಸ್ಟರ್ ನಂತರ ನಡೆಯಲಿದೆ. ಮೈಕ್‌ನಲ್ಲಿ ಕಮೆಂಟರಿ ಹೇಳುವವರಿಗೆ ಈ ಸಲ ಎರಡೂ ತಂಡಗಳ ಹೆಸರಿನ ಪಟ್ಟಿಯನ್ನು ಮೊದಲೇ ಕೊಡುತ್ತೇವೆ. ‘ಕರಿಯ’, ‘ಕುಳ್ಳ’, ‘ಡುಮ್ಮ’ ಎಂಬ ಅಡ್ಡಹೆಸರುಗಳು ಆ ಪಟ್ಟಿಯಲ್ಲಿ ಇರುವುದಿಲ್ಲ. ಆಡುವವರು ನಿಮ್ಮ ಪೂರ್ತಿ ಹೆಸರನ್ನು, ಅದನ್ನು ಉಚ್ಚರಿಸಬೇಕಾದ ರೀತಿಯನ್ನೂ ಸೇರಿಸಿ, ಭಾನುವಾರದ ಬಲಿಪೂಜೆಯ ನಂತರ ಘಟಕದ ಕಾರ್ಯದರ್ಶಿಯಲ್ಲಿ ಬರೆಸಿ.