ಈಸ್ಟರ್ ಹಬ್ಬದ ಮೂಲ: ತಿಳಿದು ಮಾತನಾಡುವುದೇ ನ್ಯಾಯ

ಪ್ರತಿ ವರ್ಷ ವಸಂತಕಾಲದಲ್ಲಿ ಕ್ರೈಸ್ತ ಸಹೋದರರು ಈಸ್ಟರ್ ಹಬ್ಬವನ್ನು ಆಚರಿಸುತ್ತಾರೆ. ಅದು ಸಮೀಪಿಸಿದಂತೆ ನಮ್ಮ ಮೊಬೈಲುಗಳಲ್ಲಿ ಒಂದು ಸಂದೇಶವೂ ಹರಿದಾಡುತ್ತದೆ. ಈಸ್ಟರ್ ಎಂದರೆ ಬಾಬಿಲೋನಿನ ಇಶ್ತಾರ್ ಎಂಬ ದೇವತೆಯ ಹೆಸರು, ಆ ಹಬ್ಬ ಅವಳ ಆರಾಧನೆಯ ಮುಂದುವರಿಕೆ, ಮೊಟ್ಟೆ ಅವಳ ಚಿಹ್ನೆ ಎಂಬುದು ಅದರ ಸಾರ. ಓದಿದವರು ಪರಿಶೀಲಿಸದೆ ಮತ್ತೊಬ್ಬರಿಗೆ ಕಳುಹಿಸುತ್ತಾರೆ. ಸುದ್ದಿಯೊಂದು ಬಂದಾಗ ಅದನ್ನು ಪರಿಶೀಲಿಸಬೇಕೆಂದು ಸೂರಃ ಅಲ್ ಹುಜುರಾತ್ ನಮಗೆ ಆಜ್ಞಾಪಿಸಿದೆ. ಆ ಆಜ್ಞೆ ನಮಗೆ ಹಿತವೆನಿಸುವ ಸುದ್ದಿಗೂ ಅನ್ವಯಿಸುತ್ತದೆ.

ಹಾಸನ ಸೀಮೆಗೆ ಈ ಹಬ್ಬ ಹೊಸದಲ್ಲ. ಹೇಮಾವತಿಯ ದಡದ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು 19ನೇ ಶತಮಾನದಲ್ಲಿ ಕಟ್ಟಿಸಿದ ರೋಸರಿ ಚರ್ಚ್ ಇಂದಿಗೂ ಪಾಳುಗೋಡೆಗಳಾಗಿ ನಿಂತಿದೆ. ಗೊರೂರಿನಲ್ಲಿ ಅಣೆಕಟ್ಟು ಎದ್ದಾಗ ಊರು ಮುಳುಗಡೆಯಾಗಿ ಜನರು ಬೇರೆಡೆಗೆ ಹೋಗಿ ನೆಲೆಸಿದರು. ಮಳೆಗಾಲದಲ್ಲಿ ಆ ಗೋಡೆಗಳು ನೀರಿನಲ್ಲಿರುತ್ತವೆ, ಬೇಸಿಗೆಯಲ್ಲಿ ಒಣನೆಲದ ಮೇಲೆ ಕಾಣಿಸುತ್ತವೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ನಮ್ಮ ಯುವಕರು ಅಲ್ಲಿಗೆ ಹೋಗಿ ಫೋಟೋ ತೆಗೆದುಕೊಳ್ಳುತ್ತಾರೆ. ಆದರೆ ಅಲ್ಲಿ ತಲೆಮಾರುಗಳ ಕಾಲ ಪ್ರಾರ್ಥಿಸಿದ ರೈತಾಪಿ ಕುಟುಂಬಗಳು ಏನನ್ನು ನಂಬಿದ್ದವು ಎಂದು ಕೇಳುವವರು ವಿರಳ.

ಕ್ರೈಸ್ತರ ನಂಬಿಕೆಯಂತೆ ಏಸುವನ್ನು ಶುಕ್ರವಾರ ಶಿಲುಬೆಗೇರಿಸಲಾಯಿತು. ಮೂರನೆಯ ದಿನವಾದ ಭಾನುವಾರ ಅವರು ಮರಣದಿಂದ ಎದ್ದುಬಂದರು. ಆ ಶುಕ್ರವಾರವನ್ನು ಶುಭ ಶುಕ್ರವಾರವೆಂದೂ ಭಾನುವಾರವನ್ನು ಪುನರುತ್ಥಾನದ ಹಬ್ಬವೆಂದೂ ಅವರು ಕರೆಯುತ್ತಾರೆ. ಅದಕ್ಕೆ ಮುಂಚೆ 40 ದಿನಗಳ ಉಪವಾಸ ಮತ್ತು ಪಶ್ಚಾತ್ತಾಪದ ಕಾಲವಿದೆ. ಮಧ್ಯಯುಗದ ಯುರೋಪಿನಲ್ಲಿ ಈ ಕಾಲದಲ್ಲಿ ಮಾಂಸದೊಂದಿಗೆ ಮೊಟ್ಟೆಯನ್ನೂ ವರ್ಜಿಸುತ್ತಿದ್ದರು. ಉಪವಾಸ ಮುಗಿದ ದಿನ ಅದು ಮತ್ತೆ ಊಟಕ್ಕೆ ಬಂದು ಹಬ್ಬದ ತಿನಿಸಾಯಿತು. ಮೊಟ್ಟೆಗೆ ಇಶ್ತಾರಳ ಸಂಬಂಧ ಬೇಕಿಲ್ಲ.

ಇನ್ನು ಹೆಸರಿನ ವಿಚಾರ. ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಲ್ಲಿ ಈ ಹಬ್ಬದ ಹೆಸರು ‘ಪಾಸ್ಖ’. ಕನ್ನಡ ಬೈಬಲ್ಲಿನಲ್ಲಿ ಬರುವ ‘ಪಸ್ಕ’ ಎಂಬ ರೂಪವೂ ಅದೇ. ಇದರ ಬೇರು ಹೀಬ್ರೂ ಭಾಷೆಯ ‘ಪೆಸಹ್’, ಅಂದರೆ ಪ್ರವಾದಿ ಮೂಸಾ(ಅ) ಅವರ ನೇತೃತ್ವದಲ್ಲಿ ಬನೀ ಇಸ್ರಾಈಲರು ಫಿರ್‌ಔನನ ದಾಸ್ಯದಿಂದ ಬಿಡುಗಡೆ ಹೊಂದಿದ್ದರ ಸ್ಮರಣೆಯ ಹಬ್ಬ. ಏಸುವಿನ ಕೊನೆಯ ದಿನಗಳು ಆ ಹಬ್ಬದ ವೇಳೆಯಲ್ಲಿಯೇ ನಡೆದವೆಂದು ಸುವಾರ್ತೆಗಳು ಹೇಳುತ್ತವೆ. ಆದ್ದರಿಂದಲೇ ಹಳೆಯ ಹಬ್ಬದ ಹೆಸರು ಹೊಸ ಹಬ್ಬಕ್ಕೂ ಬಂತು.

ಹಾಗಾದರೆ ‘ಈಸ್ಟರ್’ ಎಂಬ ಪದ ಎಲ್ಲಿಂದ ಬಂತು? ಇಂಗ್ಲೆಂಡಿನ ಬೀಡ್ ಎಂಬ ಸಂನ್ಯಾಸಿ ಕ್ರಿ.ಶ. 725ರಲ್ಲಿ ಕಾಲಗಣನೆಯ ಕುರಿತು ಗ್ರಂಥವೊಂದನ್ನು ಬರೆದನು. ತನ್ನ ಜನರು ಹಿಂದೆ ಏಪ್ರಿಲ್ ತಿಂಗಳನ್ನು ಇಯೋಸ್ಟ್ರೆ ಎಂಬ ದೇವತೆಯ ಹೆಸರಿನಿಂದ ಕರೆಯುತ್ತಿದ್ದರು, ಆ ತಿಂಗಳ ಹೆಸರೇ ಹಬ್ಬಕ್ಕೂ ಅಂಟಿಕೊಂಡಿತು ಎಂದು ಅವನು ಅದರಲ್ಲಿ ತಿಳಿಸಿದ್ದಾನೆ. ಆದರೆ ಹಬ್ಬವು ಅದಕ್ಕಿಂತ ಸುಮಾರು ಆರು ಶತಮಾನಗಳಷ್ಟು ಮೊದಲೇ, ಇಂಗ್ಲಿಷ್ ಭಾಷೆಯ ಸೋಂಕೇ ಇಲ್ಲದ ನಾಡುಗಳಲ್ಲಿ ನಡೆಯುತ್ತಿತ್ತು. ಬಾಬಿಲೋನಿನ ಇಶ್ತಾರಳಿಗೂ ಈ ಪದಕ್ಕೂ ಇರುವುದು ಉಚ್ಚಾರದ ಹೋಲಿಕೆ ಮಾತ್ರ. ಆ ವಾದವನ್ನು ಜನಪ್ರಿಯಗೊಳಿಸಿದವರು ಅಲೆಕ್ಸಾಂಡರ್ ಹಿಸ್ಲಾಪ್ ಎಂಬ ಸ್ಕಾಟ್ಲೆಂಡಿನ ಪ್ರೊಟೆಸ್ಟಂಟ್ ಪಾದ್ರಿ. 1850ರ ದಶಕದಲ್ಲಿ ಕ್ಯಾಥೊಲಿಕರನ್ನು ಖಂಡಿಸಲು ಅವರು ಬರೆದ ಪುಸ್ತಕದಲ್ಲಿ ಅದಿದೆ. ಕ್ರೈಸ್ತರು ಕ್ರೈಸ್ತರ ವಿರುದ್ಧ ಹೂಡಿದ ಬಾಣವನ್ನು ನಾವು ಇಸ್ಲಾಮಿನ ಪುರಾವೆಯೆಂದು ಹಂಚುತ್ತಿದ್ದೇವೆ!

ಓದುಗರು ಒಂದು ಮಾತನ್ನು ಯೋಚಿಸಬೇಕು. ಜುಮಾದ ದಿನವನ್ನು ನಾವು ಕನ್ನಡದಲ್ಲಿ ಶುಕ್ರವಾರ ಎನ್ನುತ್ತೇವೆ. ಆ ಪದ ಶುಕ್ರ ಎಂಬ ಗ್ರಹದೇವತೆಯಿಂದ ಬಂದಿದೆ. ಅಷ್ಟಕ್ಕೇ ನಮ್ಮ ಜುಮಾ ನಮಾಝ್ ಶುಕ್ರನ ಪೂಜೆಯಾಗುವುದೇ? ಪದದ ಮೂಲ ಬೇರೆ, ಆಚರಣೆಯ ಮೂಲ ಬೇರೆ. ನಮಗೆ ಒಪ್ಪಿತವಾದ ಈ ನಿಯಮವನ್ನು ನೆರೆಯವರಿಗೆ ನಿರಾಕರಿಸುವುದು ನ್ಯಾಯವಲ್ಲ.

ಹಬ್ಬದ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುವುದೇಕೆಂದು ಮಕ್ಕಳು ಕೇಳುತ್ತಾರೆ. ಯಹೂದಿಯರ ತಿಂಗಳುಗಳು ಚಂದ್ರನನ್ನು ಅನುಸರಿಸುತ್ತವೆ. ಆದರೆ ಹಬ್ಬವು ಋತುವನ್ನು ಬಿಟ್ಟು ಸರಿಯದಂತೆ 19 ವರ್ಷಗಳಿಗೆ 7 ಬಾರಿ ಅಧಿಕ ತಿಂಗಳನ್ನು ಸೇರಿಸುತ್ತಾರೆ. ನಮ್ಮ ನಾಡಿನ ಯುಗಾದಿಯನ್ನು ಅಧಿಕಮಾಸ ಹಿಡಿದಿಡುವಂತೆಯೇ ಇದು. ಆರಂಭದ ಕ್ರೈಸ್ತರಲ್ಲಿ ಕೆಲವರು ಯಹೂದಿಯರ ನಿಸಾನ್ ತಿಂಗಳ 14ರಂದೇ ಆಚರಿಸಿದರೆ, ಇನ್ನು ಕೆಲವರು ಭಾನುವಾರವೇ ಆಗಬೇಕೆಂದರು. ಸುಮಾರು ಕ್ರಿ.ಶ. 155ರಲ್ಲಿ ಸ್ಮಿರ್ನಾದ ಪಾಲಿಕಾರ್ಪ್ ರೋಮಿಗೆ ಹೋಗಿ ಅಲ್ಲಿನ ಧರ್ಮಾಧ್ಯಕ್ಷ ಅನಿಸೆಟಸರೊಂದಿಗೆ ಈ ಬಗ್ಗೆ ಚರ್ಚಿಸಿದರು. ಒಮ್ಮತ ಮೂಡಲಿಲ್ಲ, ಆದರೂ ಸಮಾಧಾನದಿಂದಲೇ ಬೀಳ್ಕೊಂಡರು. ಕ್ರಿ.ಶ. 325ರ ನಿಕಿಯಾ ಸಭೆ ಎಲ್ಲರೂ ಒಂದೇ ಭಾನುವಾರ ಆಚರಿಸಬೇಕೆಂದು ತೀರ್ಮಾನಿಸಿತು. ಹಬ್ಬವನ್ನು ಸೃಷ್ಟಿಸಿದ್ದು ಆ ಸಭೆಯಲ್ಲ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರವೇ ಈಸ್ಟರ್ ಎಂಬುದು ಕ್ರಮೇಣ ನೆಲೆಗೊಂಡ ನಿಯಮ. ಆದ್ದರಿಂದ ಅದು ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಬರುತ್ತದೆ.

ನಮ್ಮ ಹಿಜರಿ ವರ್ಷಕ್ಕೆ ಅಧಿಕ ತಿಂಗಳಿಲ್ಲ. ತಿಂಗಳುಗಳನ್ನು ಹಿಂದುಮುಂದು ಮಾಡುವ ‘ನಸೀ’ ಪದ್ಧತಿಯನ್ನು ಸೂರಃ ಅತ್ತೌಬಃ ಖಂಡಿಸಿದೆ. ಆದ್ದರಿಂದ ರಮಝಾನ್ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತಾ ಎಲ್ಲ ಋತುಗಳನ್ನೂ ಸುತ್ತುತ್ತದೆ, ಈಸ್ಟರ್ ವಸಂತವನ್ನು ಬಿಟ್ಟು ಕದಲುವುದಿಲ್ಲ. 2024ರ ಮಾರ್ಚ್ 31ರಂದು ನಾವು ಉಪವಾಸದಲ್ಲಿದ್ದಾಗ ಅವರು ಉಪವಾಸ ಮುಗಿಸಿ ಹಬ್ಬ ಮಾಡುತ್ತಿದ್ದರು.

ಇಷ್ಟೆಲ್ಲ ತಿಳಿದ ಮೇಲೂ ನಮ್ಮ ನಂಬಿಕೆ ಸ್ಪಷ್ಟವಾಗಿದೆ. ಈಸಾ(ಅ) ಅವರನ್ನು ಕೊಲ್ಲಲಾಗಲಿಲ್ಲ, ಶಿಲುಬೆಗೇರಿಸಲಾಗಲಿಲ್ಲ, ಅಲ್ಲಾಹನು ಅವರನ್ನು ತನ್ನೆಡೆಗೆ ಎತ್ತಿಕೊಂಡನು ಎಂದು ಸೂರಃ ಅನ್ನಿಸಾ ಸಾರುತ್ತದೆ. ಅವರು ಅಲ್ಲಾಹನ ದಾಸರು ಮತ್ತು ಪ್ರವಾದಿ, ದೇವಪುತ್ರರಲ್ಲ. ನಮ್ಮ ಭಿನ್ನತೆ ಇರುವುದು ಇಲ್ಲಿ. ಇಷ್ಟು ದೃಢವಾದ ನೆಲೆಯಿರುವವರಿಗೆ ಇಶ್ತಾರಳ ಕಟ್ಟುಕಥೆಯ ಊರುಗೋಲು ಏಕೆ?

ಸುಮಾರು ಸಾವಿರ ವರ್ಷಗಳ ಹಿಂದೆ ಅಲ್‌ಬಿರೂನಿಯವರು ‘ಅಲ್ ಆಸಾರುಲ್ ಬಾಕಿಯಾ’ ಗ್ರಂಥದಲ್ಲಿ ಕ್ರೈಸ್ತರ ಉಪವಾಸ ಮತ್ತು ಹಬ್ಬಗಳ ಲೆಕ್ಕಾಚಾರವನ್ನು ಶ್ರದ್ಧೆಯಿಂದ ವಿವರಿಸಿದರು. ಅದರಿಂದ ಅವರ ಈಮಾನಿಗೆ ಕುಂದು ಬರಲಿಲ್ಲ. ನಜ್ರಾನಿನ ಕ್ರೈಸ್ತ ನಿಯೋಗ ಮದೀನಾಕ್ಕೆ ಬಂದಾಗ ಪ್ರವಾದಿ(ಸ) ಅವರು ಈಸಾ(ಅ) ಅವರ ವಿಷಯದಲ್ಲಿ ಸತ್ಯವನ್ನು ಮುಚ್ಚಿಡಲಿಲ್ಲ. ಅದೇ ವೇಳೆ ಆ ಅತಿಥಿಗಳಿಗೆ ತಮ್ಮ ಮಸೀದಿಯಲ್ಲಿಯೇ ಅವರ ಪ್ರಾರ್ಥನೆಗೆ ಅವಕಾಶವಿತ್ತರೆಂದು ಇಬ್ನು ಇಸ್‌ಹಾಕರ ಚರಿತ್ರೆಯಲ್ಲಿ ವರದಿಯಾಗಿದೆ. ಒಂದು ಜನಾಂಗದ ಮೇಲಿನ ದ್ವೇಷವೂ ನಿಮ್ಮನ್ನು ನ್ಯಾಯದಿಂದ ಕದಲಿಸಬಾರದೆಂಬುದು ಸೂರಃ ಅಲ್ ಮಾಇದಃದ ಬೋಧನೆ. ದ್ವೇಷವೇ ಇಲ್ಲದ ನೆರೆಹೊರೆಯಲ್ಲಿ ಆ ನ್ಯಾಯ ಇನ್ನೆಷ್ಟು ಸುಲಭವಾಗಬೇಕು!

ಮುಂದಿನ ವಸಂತದಲ್ಲಿ ಆ ಸಂದೇಶ ಮತ್ತೆ ಬಂದೀತು. ಅದನ್ನು ಮುಂದೆ ಕಳುಹಿಸದೆ ಅಲ್ಲಿಗೇ ನಿಲ್ಲಿಸೋಣ. ನಮ್ಮ ಮಕ್ಕಳು ಕೇಳಿದರೆ ಕ್ರೈಸ್ತರು ನಂಬುವುದು ಇದು, ನಾವು ನಂಬುವುದು ಇದು ಎಂದು ಎರಡನ್ನೂ ಸರಿಯಾಗಿ ಹೇಳಿಕೊಡೋಣ. ಸತ್ಯವನ್ನು ನ್ಯಾಯದೊಂದಿಗೆ ಹೇಳುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.