ಹದಿನೈದಕ್ಕೆ ರಂಗಪ್ರವೇಶ, ನಲವತ್ತರ ಮೇಲೆ ಸಾಧನೆ: ಬೆಂಗಳೂರು ನಾಗರತ್ನಮ್ಮ

ಡಿಸೆಂಬರ್ ಬಂತೆಂದರೆ ನಮ್ಮ ಚೆನ್ನೈಗೆ ಸಂಗೀತದ ಸಂಭ್ರಮ. 1927ರಲ್ಲಿ ಇಲ್ಲಿ ಕಾಂಗ್ರೆಸ್ ಅಧಿವೇಶನದ ಜೊತೆಗೆ ಒಂದು ಸಂಗೀತ ಸಮ್ಮೇಳನ ನಡೆಯಿತು. ಅದರ ಫಲವಾಗಿ ಮರುವರ್ಷ ಮ್ಯೂಸಿಕ್ ಅಕಾಡೆಮಿ ಹುಟ್ಟಿತು. ಅಂದು ಶುರುವಾದ 'ಸೀಸನ್' ಇಂದು ಮಕ್ಕಳಿರುವ ಪ್ರತಿ ಮನೆಯೊಳಗೂ ಕಾಲಿಟ್ಟಿದೆ. ಯಾವ ಸ್ಪರ್ಧೆಗೆ ಹೆಸರು ಕೊಟ್ಟಿರಿ, ವರ್ಣ ಎಷ್ಟಾಯಿತು, ಕಛೇರಿ ಯಾವಾಗ? ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲೂ ಇದೇ ಮಾತು.

ಇಂಥ ಹೊತ್ತಿನಲ್ಲಿ ನನಗೆ ನೆನಪಾಗುವವರು ನಂಜನಗೂಡಿನಲ್ಲಿ ಹುಟ್ಟಿ, ಇದೇ ಮದ್ರಾಸಿನಲ್ಲಿ ಹೆಸರಾದ ನಮ್ಮ ಬೆಂಗಳೂರು ನಾಗರತ್ನಮ್ಮ.

ಅವರು ಹುಟ್ಟಿದ್ದು 1878ರಲ್ಲಿ. ತಾಯಿ ಪುಟ್ಟಲಕ್ಷ್ಮಿ. ತಂದೆ ವಕೀಲ ಸುಬ್ಬರಾವ್ ಕೈಬಿಟ್ಟಾಗ ತಾಯಿ ಮಗಳಿಗೆ ಮೈಸೂರಿನ ಆಸ್ಥಾನ ವಿದ್ವಾಂಸ ಗಿರಿಭಟ್ಟ ತಮ್ಮಯ್ಯ ಶಾಸ್ತ್ರಿಗಳ ಆಶ್ರಯ ಸಿಕ್ಕಿತು. ಪುಟ್ಟ ನಾಗರತ್ನ ಅಲ್ಲಿ ಸಂಸ್ಕೃತ, ಸಂಗೀತ ಕಲಿಯತೊಡಗಿದಳು. ಐದನೆಯ ವಯಸ್ಸಿಗೇ ದೇವದಾಸಿ ದೀಕ್ಷೆಯೂ ಆಯಿತು. ಕೆಲಕಾಲದಲ್ಲೇ ಆ ಆಶ್ರಯವೂ ತಪ್ಪಿತು. ಮಗಳು ವಿದ್ಯೆಯಲ್ಲಿ ಗೆಲ್ಲುವವರೆಗೆ ಮೈಸೂರಿಗೆ ಕಾಲಿಡುವುದಿಲ್ಲ ಎಂದು ಪುಟ್ಟಲಕ್ಷ್ಮಿ ಶಪಥ ಮಾಡಿ ಹೊರಟಳೆಂದು ಹೇಳುತ್ತಾರೆ.

ಈ ಶಪಥದ ಕಥೆಯನ್ನು 'ತಾಯಿಯ ಛಲ' ಎಂದು ಹೊಗಳುವುದು ಸುಲಭ. ಆದರೆ ಆ ಕಾಲವನ್ನು ನೆನೆಯಬೇಕು. ಆಸ್ತಿಯಿಲ್ಲದ, ಗಂಡಿನ ಆಸರೆಯಿಲ್ಲದ ಆ ಸಮುದಾಯದ ಹೆಣ್ಣುಮಗಳಿಗೆ ವಿದ್ಯೆಯೇ ಅನ್ನ. ಕಲಿಯದಿದ್ದರೆ ನಾಳೆಯ ಊಟಕ್ಕೇ ಗತಿಯಿಲ್ಲ. ಪುಟ್ಟಲಕ್ಷ್ಮಿಯ ಅವಸರಕ್ಕೆ ಕಾರಣವಿತ್ತು.

ನಮ್ಮ ಅವಸರಕ್ಕೆ ಏನು ಕಾರಣ? ನಾನು ಐಟಿ ಕಂಪನಿಯಲ್ಲಿ ಕೆಲಸ ಮಾಡುವವಳು. ವರ್ಷಕ್ಕೊಮ್ಮೆ ರೇಟಿಂಗ್ ಪಡೆಯುವುದು ನಮಗೆ ರೂಢಿ. ಅದೇ ಅಳತೆಗೋಲು ಮನೆಯ ಶ್ರುತಿಪೆಟ್ಟಿಗೆಯ ಪಕ್ಕಕ್ಕೂ ಬಂದು ಕೂತಿದೆ. "ಅಮ್ಮಾ, ಪ್ರೈಜ್ ಬರ್ಲಿಲ್ಲ ಅಂದ್ರೆ ಪಾಟ್ಟು ಕ್ಲಾಸ್ ಬಿಡಿಸ್ತೀಯಾ?" ಎಂದು ಎಂಟು ವರ್ಷದ ಮಗಳು ಒಮ್ಮೆ ಕೇಳಿದಳು. ಹಾಡುವುದು ಬೇರೆ, ಗೆಲ್ಲುವುದು ಬೇರೆ ಎಂಬುದು ಆ ವಯಸ್ಸಿಗೆ ತಾನಾಗಿ ತಿಳಿಯುವುದಿಲ್ಲ. ನಾವೇ ತಿಳಿಸಬೇಕು.

ಮತ್ತೆ ನಾಗರತ್ನಮ್ಮನವರ ಕಥೆಗೆ ಬರೋಣ. ಬೆಂಗಳೂರಿನಲ್ಲಿ ಪಿಟೀಲು ವಾದಕರಾಗಿದ್ದ ಸೋದರಮಾವ ವೆಂಕಟಸ್ವಾಮಪ್ಪ ಆಸರೆಯಾದರು. ತ್ಯಾಗರಾಜರ ಶಿಷ್ಯಪರಂಪರೆಯ ಮುನುಸ್ವಾಮಪ್ಪ ಸಂಗೀತ ಹೇಳಿಕೊಟ್ಟರು. ನಾಟ್ಯದ ಜೊತೆಗೆ ಕನ್ನಡ, ತೆಲುಗು, ಇಂಗ್ಲಿಷ್ ಕಲಿಕೆಯೂ ನಡೆಯಿತು. ಹದಿನೈದಕ್ಕೆ ರಂಗಪ್ರವೇಶವಾಯಿತು. ಮುಂದೆ ಮದ್ರಾಸಿಗೆ ಬಂದಾಗ ವೀಣೆ ಧನಮ್ಮಾಳ್ ಅವರ ಬೆಂಬಲ ದೊರೆಯಿತು.

ಇಷ್ಟಕ್ಕೇ ನಿಂತಿದ್ದರೆ ಇಂದು ಅವರನ್ನು ನೆನೆಯುವವರು ಕಡಿಮೆಯೇ. ಅವರನ್ನು ಚರಿತ್ರೆಯಲ್ಲಿ ಉಳಿಸಿದ ಕೆಲಸಗಳೆಲ್ಲ ಆಮೇಲಿನವು. 1910ರಲ್ಲಿ, ಮೂವತ್ತು ದಾಟಿದ ಮೇಲೆ, 18ನೇ ಶತಮಾನದ ತಂಜಾವೂರಿನ ಕವಯಿತ್ರಿ ಮುದ್ದುಪಳನಿಯ ತೆಲುಗು ಕಾವ್ಯ 'ರಾಧಿಕಾ ಸಾಂತ್ವನಮು'ವನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಹೆಂಗಸು ಶೃಂಗಾರ ಬರೆದರೆ ಮಾತ್ರ ನಾಚಿಕೆಗೇಡು ಹೇಗಾಗುತ್ತದೆ ಎಂಬುದು ಅವರ ವಾದ. ಮರುವರ್ಷ ಬ್ರಿಟಿಷ್ ಸರ್ಕಾರ ಪುಸ್ತಕಕ್ಕೆ ನಿಷೇಧ ಹಾಕಿತು. ಈ ಹೋರಾಟಕ್ಕೆ ಅವರಿಗೆ ಒದಗಿಬಂದದ್ದು ಬಾಲ್ಯದಲ್ಲಿ ಕಲಿತ ಸಾಹಿತ್ಯ, ಯಾವ ಸಭೆಯಲ್ಲೂ ಬಹುಮಾನ ತಾರದ ಕಲಿಕೆ.

ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆ ಎಂದು ತಿಳಿದಾಗ ಅವರಿಗೆ ನಲವತ್ತು ದಾಟಿತ್ತು. ಸ್ವಂತ ಗಳಿಕೆಯನ್ನು ಸುರಿದು 1920ರ ದಶಕದಲ್ಲಿ ಅಲ್ಲಿ ಗುಡಿ ಕಟ್ಟಿಸಿದರು. ಆದರೆ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಗುಡಿ ಕಟ್ಟಿಸಿದವರಿಗೇ ಹಾಡುವ ಹಕ್ಕಿಲ್ಲ! ಸುಮಾರು 1927ರಲ್ಲಿ ಅವರು ಹೆಂಗಸರದೇ ಬೇರೆ ಆರಾಧನೆ ಆರಂಭಿಸಿದರು. 1940-41ರ ಹೊತ್ತಿಗೆ ಪಂಗಡಗಳೆಲ್ಲ ಒಂದಾದವು, ಹೆಂಗಸರ ದನಿಗೂ ಜಾಗ ಸಿಕ್ಕಿತು. ಆಗ ಅವರಿಗೆ ಅರವತ್ತು ದಾಟಿತ್ತು. 1952ರಲ್ಲಿ ತೀರಿಕೊಂಡರು. ತ್ಯಾಗರಾಜರ ಸಮಾಧಿಗೆ ಎದುರಾಗಿ ಅವರ ಪ್ರತಿಮೆ ಈಗಲೂ ಇದೆ.

ಇಂದು ಅಲ್ಲಿ ಹೆಸರಾಂತ ವಿದ್ವಾಂಸರು, ಎಳೆಯ ಮಕ್ಕಳು, ಗಂಡಸರು, ಹೆಂಗಸರು ಒಟ್ಟಿಗೆ ಕೂತು ಪಂಚರತ್ನ ಕೃತಿಗಳನ್ನು ಹಾಡುತ್ತಾರೆ. ತೀರ್ಪುಗಾರರಿಲ್ಲ, ಪದಕವಿಲ್ಲ, ಮೊದಲನೆಯವರು ಕೊನೆಯವರು ಎಂಬುದಿಲ್ಲ.

ಸಾಧನೆ ಬೇಡವೆಂದು ನಾನು ಹೇಳುತ್ತಿಲ್ಲ. ನಾಗರತ್ನಮ್ಮನವರೂ ಕಟ್ಟುನಿಟ್ಟಾಗಿಯೇ ಕಲಿತವರು. ಸ್ಪರ್ಧೆಯಿಂದ ಮಕ್ಕಳ ಸಭಾಕಂಪನ ಹೋಗುತ್ತದೆ ಎಂಬುದೂ ನಿಜ. ಆದರೆ ಹನ್ನೆರಡಕ್ಕೇ ಎಲ್ಲ ಆಗಿಬಿಡಬೇಕೆಂಬ ಲೆಕ್ಕ ತಪ್ಪು. ಬಾಲ್ಯದಲ್ಲಿ ಕಲಿತದ್ದು ಯಾವ ವಯಸ್ಸಿನಲ್ಲಿ, ಯಾವ ರೂಪದಲ್ಲಿ ಕೈಗೆ ಬರುತ್ತದೋ ತಾಯಂದಿರಾದ ನಮಗೆ ಕಾಣುವುದಿಲ್ಲ. ಅಲ್ಲಿಯವರೆಗೆ ಮಗುವಿಗೆ ಸಂಗೀತದ ಮೇಲೆ ಬೇಸರ ಬರದಂತೆ ಕಾಯುವುದಷ್ಟೇ ನಮ್ಮ ಪಾಲಿನ ಕೆಲಸ.

ಪುಷ್ಯ ಬಹುಳ ಪಂಚಮಿಗೆ ತ್ಯಾಗರಾಜರ ಆರಾಧನೆ, ಅದೇ ಪಕ್ಷದ ಅಮಾವಾಸ್ಯೆಗೆ ಪುರಂದರದಾಸರದು. ಸರಳೆ ವರಸೆಯಿಂದ ಸಂಗೀತ ಕಲಿಯುವ ಮಕ್ಕಳೆಲ್ಲ ನಮ್ಮ ದಾಸರ ಶಿಷ್ಯರೇ ತಾನೇ? ಈ ಸಲ ನಮ್ಮ ಮಹಿಳಾ ವೇದಿಕೆಯಿಂದ ಒಂದು ಸಂಜೆ ಮಕ್ಕಳನ್ನು ಕೂರಿಸಿ, ಬಹುಮಾನದ ಮಾತೆತ್ತದೆ, ನಾವೂ ಪಕ್ಕದಲ್ಲಿ ಕೂತು ದೇವರನಾಮ ಹಾಡೋಣವೇ? ಶ್ರುತಿ ಸ್ವಲ್ಪ ಆಚೀಚೆ ಆದರೂ ಚಿಂತೆಯಿಲ್ಲ, ಸಖಿಯರೇ.