ಮುಚ್ಚಿದ ಪಕ್ಷಗಳು, ಮರಳಿದ ಮತದಾರರು: ತುರ್ಕಿಯಲ್ಲಿ ಸೈನ್ಯ ಮತ್ತು ರಾಜಕಾರಣ

ತುರ್ಕಿ ಗಣರಾಜ್ಯ ಹುಟ್ಟಿದ್ದೇ ಯುದ್ಧಭೂಮಿಯಲ್ಲಿ. 1923ರಲ್ಲಿ ಅದನ್ನು ಕಟ್ಟಿದ ಮುಸ್ತಫಾ ಕೆಮಾಲ್ ಅತಾತುರ್ಕ್, ಅವರ ಉತ್ತರಾಧಿಕಾರಿ ಇಸ್ಮೆತ್ ಇನೋನು, ಇಬ್ಬರೂ ದಂಡನಾಯಕರಾಗಿದ್ದವರು. ಹಾಗಾಗಿ ಗಡಿಗಷ್ಟೇ ಅಲ್ಲ, ಗಣರಾಜ್ಯದ ಧರ್ಮನಿರಪೇಕ್ಷ ತತ್ವಕ್ಕೂ ತಾನೇ ಕಾವಲು ಎಂದು ಸೈನ್ಯ ನಂಬಿತು. ಆ ನಂಬಿಕೆಗೂ ಮತಪೆಟ್ಟಿಗೆಗೂ ಮತ್ತೆ ಮತ್ತೆ ಘರ್ಷಣೆಯಾಯಿತು.

ಅತಾತುರ್ಕ್ ಸ್ಥಾಪಿಸಿದ ರಿಪಬ್ಲಿಕನ್ ಪೀಪಲ್ಸ್ ಪಾರ್ಟಿ ಎರಡು ದಶಕಕ್ಕೂ ಹೆಚ್ಚು ಕಾಲ ಒಂಟಿಯಾಗಿ ಆಳಿತು. 1924 ಮತ್ತು 1930ರಲ್ಲಿ ತಲೆಯೆತ್ತಿದ ವಿರೋಧ ಪಕ್ಷಗಳು ಬಹಳ ದಿನ ಬಾಳಲಿಲ್ಲ. 1946ರಲ್ಲಿ ಆಳುವ ಪಕ್ಷದಿಂದಲೇ ಹೊರಬಂದವರು ಡೆಮಾಕ್ರಟ್ ಪಾರ್ಟಿ ಕಟ್ಟಿ, 1950ರಲ್ಲಿ ಗೆದ್ದರು. ಸೋತ ಇನೋನು ತಕರಾರಿಲ್ಲದೆ ಅಧಿಕಾರ ಬಿಟ್ಟುಕೊಟ್ಟರು. ಅದು ಆ ದೇಶದ ಚರಿತ್ರೆಯ ಘನವಾದ ಗಳಿಗೆ.

ಹಳ್ಳಿಗರ, ಶ್ರದ್ಧಾವಂತರ ಬೆಂಬಲದಿಂದ ಮೂರು ಚುನಾವಣೆ ಗೆದ್ದ ಪ್ರಧಾನಿ ಅದ್ನಾನ್ ಮೆಂಡೆರೆಸ್ ಬರಬರುತ್ತಾ ಪತ್ರಿಕೆಗಳ, ಪ್ರತಿಪಕ್ಷದ ಬಾಯಿ ಕಟ್ಟತೊಡಗಿದರು. 1960ರ ಮೇ 27ರಂದು ಸೇನಾಧಿಕಾರಿಗಳ ಗುಂಪೊಂದು ಅವರನ್ನು ಕೆಳಗಿಳಿಸಿತು. ಮರುವರ್ಷ ಇಮ್ರಾಲಿ ದ್ವೀಪದಲ್ಲಿ ಅವರನ್ನೂ ಇಬ್ಬರು ಸಚಿವರನ್ನೂ ಗಲ್ಲಿಗೇರಿಸಲಾಯಿತು. 1961ರ ಸಂವಿಧಾನ ಜನರ ಹಕ್ಕುಗಳನ್ನು ಹಿಗ್ಗಿಸಿತು. ಜೊತೆಗೇ ರಾಷ್ಟ್ರೀಯ ಭದ್ರತಾ ಮಂಡಳಿಯ ಮೂಲಕ ಸೇನಾಪತಿಗಳಿಗೂ ಮಣೆ ಹಾಕಿತು. ಆದರೂ 1965ರಲ್ಲಿ ಮತದಾರರು ಆರಿಸಿದ್ದು ಮೆಂಡೆರೆಸ್ ಪರಂಪರೆಯ ಜಸ್ಟಿಸ್ ಪಾರ್ಟಿಯನ್ನೇ. ಅದರ ನಾಯಕ ಸುಲೇಮಾನ್ ಡೆಮಿರೆಲ್ 1971ರ ಮಾರ್ಚ್ 12ರಂದು ಸೇನೆಯ ಎಚ್ಚರಿಕೆ ಪತ್ರಕ್ಕೆ ಮಣಿದು ರಾಜೀನಾಮೆ ಕೊಟ್ಟರು.

ಎಪ್ಪತ್ತರ ದಶಕದ ಕೊನೆಯಲ್ಲಿ ಎಡ-ಬಲ ಪಂಥಗಳ ಬೀದಿ ಕಾಳಗಕ್ಕೆ ಸಾವಿರಾರು ಜನ ಬಲಿಯಾದರು. ದೊಡ್ಡ ಪಕ್ಷಗಳು ಕೈಜೋಡಿಸಲಿಲ್ಲ. 1980ರ ಸೆಪ್ಟೆಂಬರ್ 12ರಂದು ಜನರಲ್ ಕೆನಾನ್ ಎವ್ರೆನ್ ಅಧಿಕಾರ ಹಿಡಿದರು. ಎಲ್ಲ ಪಕ್ಷಗಳೂ ರದ್ದಾದವು, ಲಕ್ಷಾಂತರ ಜನ ಬಂಧಿತರಾದರು, 50 ಮಂದಿ ಗಲ್ಲಿಗೇರಿದರು. ಶೇ 10ರಷ್ಟು ಮತ ಪಡೆಯದ ಪಕ್ಷಕ್ಕೆ ಸಂಸತ್ತಿನಲ್ಲಿ ಸ್ಥಾನವಿಲ್ಲ ಎಂಬ ನಿಯಮ ಬಂತು. ಆದರೆ 1983ರ ಚುನಾವಣೆಯಲ್ಲಿ ಜನರಲ್‌ಗಳು ಒಲಿದಿದ್ದ ಪಕ್ಷಕ್ಕೆ ಸಿಕ್ಕಿದ್ದು ಮೂರನೆಯ ಸ್ಥಾನ. ಗೆದ್ದವರು ತುರ್ಗುತ್ ಓಜಾಲ್.

1997ರಲ್ಲಿ ಸೇನೆಯ ಒತ್ತಡಕ್ಕೆ ಪ್ರಧಾನಿ ನೆಜ್ಮೆತ್ತಿನ್ ಎರ್ಬಕಾನ್ ಹುದ್ದೆ ಬಿಟ್ಟರು. ಮರುವರ್ಷ ಅವರ ವೆಲ್‌ಫೇರ್ ಪಾರ್ಟಿ ನಿಷೇಧಗೊಂಡಿತು. ಅದರ ಗರಡಿಯಲ್ಲೇ ಬೆಳೆದ ರೆಜೆಪ್ ತಯ್ಯಿಪ್ ಎರ್ಡೊಗನ್ ಮತ್ತು ಸಂಗಡಿಗರು ಕಟ್ಟಿದ ಎಕೆ ಪಾರ್ಟಿ 2002ರಲ್ಲಿ ಗದ್ದುಗೆಯೇರಿತು. 2007ರಲ್ಲಿ ಸೇನೆ ಮತ್ತೆ ಎಚ್ಚರಿಸಿತು. ಸರ್ಕಾರ ಜಗ್ಗದೆ ಚುನಾವಣೆಗೆ ಹೋಗಿ, ಶೇ 47ರಷ್ಟು ಮತದೊಡನೆ ಮರಳಿತು. 2016ರ ಜುಲೈ 15ರಂದು ಸೈನ್ಯದ ಒಂದು ಬಣ ಎಬ್ಬಿಸಿದ ದಂಗೆಯನ್ನು ತಡೆಯಲು ಜನ ಬೀದಿಗಿಳಿದರು, ದಂಗೆ ವಿಫಲವಾಯಿತು.

ಸೈನ್ಯ ಬ್ಯಾರಕ್ಕಿಗೆ ಮರಳಿದರೂ ಪ್ರಜಾಪ್ರಭುತ್ವ ನಿರಾಳವಾಗಲಿಲ್ಲ. ದಂಗೆಯ ಬಳಿಕ ಲಕ್ಷಕ್ಕೂ ಮಿಕ್ಕಿ ಸರ್ಕಾರಿ ನೌಕರರು ಕೆಲಸ ಕಳೆದುಕೊಂಡರು. 2017ರ ಜನಮತಗಣನೆ ಪ್ರಧಾನಿ ಹುದ್ದೆಯನ್ನೇ ತೆಗೆದು, ಅಧಿಕಾರವನ್ನು ಅಧ್ಯಕ್ಷರ ಕೈಗಿತ್ತಿತು. 2024ರ ಸ್ಥಳೀಯ ಚುನಾವಣೆಯಲ್ಲಿ ಅತಾತುರ್ಕ್ ಕಟ್ಟಿದ ಪಕ್ಷ ಮೊದಲ ಸ್ಥಾನಕ್ಕೇರಿತು. ಮರುವರ್ಷದ ಮಾರ್ಚ್‌ನಲ್ಲಿ ಅದರ ಪ್ರಮುಖ ನಾಯಕ, ಇಸ್ತಾಂಬುಲ್ ಮೇಯರ್ ಎಕ್ರೆಮ್ ಇಮಾಮೊಗ್ಲು ಜೈಲು ಸೇರಿದರು.

ತುರ್ಕಿಯ ಮತದಾರ ಮತ್ತೆ ಮತ್ತೆ ಬಂದೂಕಿಗೆ ಮತದಿಂದಲೇ ಉತ್ತರ ಕೊಟ್ಟಿದ್ದಾನೆ. ಎದುರಾಳಿಗೂ ಬಾಳುವ ಹಕ್ಕಿದೆ ಎಂಬ ಪಾಠವನ್ನು ಕಲಿಯಬೇಕಾದವರು ಅವನಿಂದ ಗೆದ್ದವರು.